ಕಾಡಿಗೆ ಕಾಗದದ ಮೇಲೆ ಭೂಕಂಪ: ನೂರು ವರ್ಷ ಹಿಂದಿನ ದಾಖಲೆಗಳ ಮರುಓದು

1905ರ ಏಪ್ರಿಲ್ 4. ಬೆಳಗ್ಗೆ ಆರು ಗಂಟೆ ದಾಟಿತ್ತಷ್ಟೆ. ಇಂದಿನ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆ ನಡುಗಿತು. ಕಾಂಗ್ರಾದ ಕೋಟೆ, ವಜ್ರೇಶ್ವರಿ ದೇಗುಲ, ಧರ್ಮಶಾಲೆಯ ಮನೆಗಳು ಕುಸಿದವು. ಸುಮಾರು 20 ಸಾವಿರ ಜನ ಸತ್ತರು. ಅನಾಹುತದ ಸುದ್ದಿ ಕಣಿವೆಯಿಂದ ಹೊರಗೆ ಬರುವ ಮೊದಲೇ ನೆಲದೊಳಗಿನ ಅಲೆಗಳು ಜರ್ಮನಿಯನ್ನು ತಲುಪಿದ್ದವು. ಅದಕ್ಕೆ ಬೇಕಾದದ್ದು ಒಂಬತ್ತು ನಿಮಿಷ. ಯುರೋಪಿನ ವೀಕ್ಷಣಾಲಯಗಳ ನೆಲಮಾಳಿಗೆಗಳಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿಗಳು ಗೀರೆಳೆದವು. ಗೀರನ್ನು ಅಳೆದವರು ಹೊತ್ತು, ಅಗಲಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಹಾಳೆಯನ್ನು ಕಪಾಟಿಗೆ ಸೇರಿಸಿದರು.

ಆ ಕಪಾಟುಗಳನ್ನು ಭೂಕಂಪ ವಿಜ್ಞಾನಿಗಳು ಈಗ ಮತ್ತೆ ತೆರೆಯುತ್ತಿದ್ದಾರೆ. ಕಾಂಗ್ರಾ ಕಂಪನ ಎಷ್ಟು ದೊಡ್ಡದಿತ್ತು, ನೆಲ ಎಲ್ಲಿಂದ ಎಲ್ಲಿಯವರೆಗೆ ಸೀಳಿತು ಎಂಬ ಪ್ರಶ್ನೆಗೆ 1910ರಲ್ಲಿ ಸಿಕ್ಕ ಉತ್ತರ ಒಂದು, ಇಂದು ಸಿಗುವ ಉತ್ತರ ಇನ್ನೊಂದು. ಹಾಳೆಯಲ್ಲಿರುವ ಗೀರು ಬದಲಾಗಿಲ್ಲ, ಅದನ್ನು ಓದುವ ವಿದ್ಯೆ ಬದಲಾಗಿದೆ. ಇಪ್ಪತ್ತನೇ ಶತಮಾನದ ಆರಂಭದ ಭೂಕಂಪಗಳ ಈ ಮರುಓದು ಹೇಗೆ ನಡೆಯುತ್ತದೆ, ಅದರಿಂದ ಏನು ತಿಳಿದಿದೆ ಎಂಬುದರ ಪರಿಚಯ ಇಲ್ಲಿದೆ.

ಯಂತ್ರಗಳು ಬಂದ ಬಗೆ

ಬಸ್ಸು ತಟ್ಟನೆ ಹೊರಟರೆ ನಿಂತಿದ್ದವರು ಹಿಂದಕ್ಕೆ ವಾಲುತ್ತಾರೆ. ಬಸ್ಸಿನ ನೆಲ ಮುಂದೆ ಹೋದರೂ ಮೈ ಇದ್ದಲ್ಲೇ ಇರಲು ನೋಡುತ್ತದೆ. ಭೂಕಂಪಮಾಪಕದ ಮೂಲತತ್ವವೂ ಇದೇ. ಭಾರವಾದ ಗುಂಡೊಂದನ್ನು ತೂಗುಬಿಟ್ಟರೆ ನೆಲ ಅಲುಗಿದಾಗ ಅದು ಇದ್ದಲ್ಲೇ ಉಳಿಯಲು ಯತ್ನಿಸುತ್ತದೆ. ನೆಲಕ್ಕೂ ಗುಂಡಿಗೂ ನಡುವೆ ಉಂಟಾದ ಅಂತರವನ್ನು ಸನ್ನೆಗೋಲುಗಳಿಂದ ಹಿಗ್ಗಿಸಿ ಬರೆಸಿದರೆ ಕಂಪನದ ಚಿತ್ರ ಸಿಗುತ್ತದೆ.

ದೂರದ ಭೂಕಂಪವನ್ನು ಯಂತ್ರ ಹಿಡಿಯಬಲ್ಲದು ಎಂದು ತಿಳಿದದ್ದು ಆಕಸ್ಮಿಕವಾಗಿ. 1889ರ ಏಪ್ರಿಲ್ 17ರಂದು ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಅರ್ನ್ಸ್ಟ್ ಫಾನ್ ರೆಬೊಯರ್-ಪಾಶ್‌ವಿಟ್ಸ್ ಅವರ ಸೂಕ್ಷ್ಮ ಅಡ್ಡಲೋಲಕ ವಿಚಿತ್ರವಾಗಿ ಓಲಾಡಿತು. ಅದೇ ದಿನ ಜಪಾನಿನಲ್ಲಿ ಭೂಕಂಪವಾಗಿತ್ತು ಎಂಬ ವರದಿಯನ್ನು ಅವರು ಆಮೇಲೆ ಓದಿದರು. ಎರಡರ ಹೊತ್ತನ್ನೂ ತಾಳೆ ನೋಡಿದಾಗ ಲೆಕ್ಕ ಕೂಡಿಬಂತು.

ಜಪಾನಿನಲ್ಲಿ ಎರಡು ದಶಕ ಅಧ್ಯಾಪಕರಾಗಿದ್ದ ಇಂಗ್ಲಿಷ್ ವಿಜ್ಞಾನಿ ಜಾನ್ ಮಿಲ್ನ್ 1895ರಲ್ಲಿ ತಾಯ್ನಾಡಿಗೆ ಮರಳಿ ವೈಟ್ ದ್ವೀಪದ ಶೈಡ್ ಎಂಬಲ್ಲಿ ನೆಲೆಸಿದರು. ತಮ್ಮ ಯಂತ್ರವನ್ನು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹೊರಗೂ ಕಳಿಸಿದರು. ನಲವತ್ತರಷ್ಟು ಕೇಂದ್ರಗಳಿಂದ ಅಳತೆಗಳು ಶೈಡ್‌ಗೆ ಬರುತ್ತಿದ್ದವು. ಮಿಲ್ನ್ ಅವನ್ನೆಲ್ಲ ಕೂಡಿಸಿ ಸುತ್ತೋಲೆಗಳಾಗಿ ಅಚ್ಚು ಹಾಕಿಸುತ್ತಿದ್ದರು. ಇಡೀ ಭೂಮಿಗೆ ಒಂದೇ ಮಾದರಿಯ ಯಂತ್ರಗಳ ಜಾಲ ಹರಡಿದ್ದು ಆಗಲೇ ಮೊದಲು.

ಭಾರತ ಈ ಜಾಲಕ್ಕೆ ಬೇಗನೆ ಸೇರಿತು. 1897ರ ಜೂನ್ 12ರ ಶಿಲ್ಲಾಂಗ್ ಮಹಾಕಂಪನದ ಮರುವರ್ಷ ಕೋಲ್ಕತ್ತದ ಅಲಿಪುರದಲ್ಲಿ ದೇಶದ ಮೊದಲ ಭೂಕಂಪ ವೀಕ್ಷಣಾಲಯ ತೆರೆಯಿತು. ಅದೇ ಸುಮಾರಿಗೆ ಮುಂಬಯಿಯ ಕೊಲಾಬಾಕ್ಕೂ ಪಳನಿ ಬೆಟ್ಟಗಳ ಮೇಲಿನ ಕೊಡೈಕೆನಾಲ್‌ಗೂ ಮಿಲ್ನ್ ಯಂತ್ರಗಳು ಬಂದವು.

ಅತ್ತ ಜರ್ಮನಿಯ ಗಾಟಿಂಗೆನ್‌ನಲ್ಲಿ ಎಮಿಲ್ ವೀಕರ್ಟ್ ಸಾವಿರ ಕಿಲೋ ಮೀರಿದ ತಲೆಕೆಳಗಾದ ಲೋಲಕವನ್ನು ಕಟ್ಟಿದರು. ಜಪಾನಿನಲ್ಲಿ ಫುಸಾಕಿಚಿ ಒಮೊರಿ ತಮ್ಮದೇ ಮಾದರಿಯನ್ನು ರೂಪಿಸಿದರು. 1906ರಲ್ಲಿ ರಷ್ಯದ ಬೋರಿಸ್ ಗಾಲಿತ್ಸಿನ್ ಸೂಜಿಯನ್ನೇ ಬಿಟ್ಟು ಸುರುಳಿ, ಅಯಸ್ಕಾಂತಗಳಿಂದ ಕಂಪನವನ್ನು ವಿದ್ಯುತ್ತಾಗಿ ಬದಲಿಸಿದರು. ಒಂದೊಂದು ಯಂತ್ರಕ್ಕೂ ಅದರದೇ ಗುಣ, ಅದರದೇ ದೋಷ. ಮರುಓದಿನಲ್ಲಿ ಈ ಸ್ವಭಾವಗಳನ್ನು ಬಲ್ಲವರಿಗೇ ದಾಖಲೆ ದಕ್ಕುತ್ತದೆ.

ಹಾಳೆಯಲ್ಲಿ ಏನಿರುತ್ತದೆ

ವೀಕರ್ಟ್ ಯಂತ್ರದ ಹಾಳೆ ಸಿದ್ಧಪಡಿಸುವುದು ಮನೆಯಲ್ಲಿ ಕಾಡಿಗೆ ಹಿಡಿಯುವ ಕೆಲಸದಂಥದ್ದೇ. ನುಣುಪಾದ ಬಿಳಿ ಕಾಗದವನ್ನು ಹೊಗೆಯುಗುಳುವ ದೀಪದ ಮೇಲೆ ಆಡಿಸಿ ತೆಳುವಾದ ಕಪ್ಪು ಪದರ ಕೂರಿಸುತ್ತಿದ್ದರು. ಅದನ್ನು ತಿರುಗುವ ಉರುಳೆಗೆ ಸುತ್ತಿದರೆ ಸೂಜಿಯ ಮೊನೆ ಮಸಿಯನ್ನು ಕೆರೆದು ಬಿಳಿಯ ಗೆರೆ ಬಿಡುತ್ತಿತ್ತು. ಗಡಿಯಾರಕ್ಕೆ ಜೋಡಿಸಿದ ಸಲಕರಣೆಯೊಂದು ನಿಮಿಷಕ್ಕೊಮ್ಮೆ ಗುರುತು ಹಾಕುತ್ತಿತ್ತು. ದಿನ ಮುಗಿದ ಮೇಲೆ ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಮಸಿ ಉದುರದೆ ನಿಲ್ಲುತ್ತಿತ್ತು. ಮಿಲ್ನ್ ಯಂತ್ರದಲ್ಲಿ ಸೂಜಿಯ ಬದಲು ಬೆಳಕಿನ ಚುಕ್ಕೆ ಫೋಟೊ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು.

ಭೂಕಂಪವಾದಾಗ ಆ ಗೆರೆ ಮೂರು ಹಂತಗಳಲ್ಲಿ ಕದಡುತ್ತದೆ. ಮೊದಲು ಬರುವುದು ಪಿ ಅಲೆ. ಇದು ಕಲ್ಲನ್ನು ಹಿಂದುಮುಂದಾಗಿ ಒತ್ತುತ್ತ ಸಾಗುವ, ಎಲ್ಲಕ್ಕಿಂತ ವೇಗದ ಅಲೆ. ಆಮೇಲೆ ಕಲ್ಲನ್ನು ಅಡ್ಡಡ್ಡಲಾಗಿ ಅಲುಗಿಸುವ ಎಸ್ ಅಲೆ ಬರುತ್ತದೆ. ಕೊನೆಗೆ ನೆಲದ ಮೇಲ್ಭಾಗದಲ್ಲೇ ಸುತ್ತಿ ಬರುವ ಮೇಲ್ಮೈ ಅಲೆಗಳು. ಇವು ನಿಧಾನವಾದರೂ ಅಗಲದಲ್ಲಿ ಎಲ್ಲಕ್ಕಿಂತ ದೊಡ್ಡವು. ಶಿಲ್ಲಾಂಗ್ ಕಂಪನದ ದೂರದೇಶಗಳ ದಾಖಲೆಗಳನ್ನು ಜೋಡಿಸಿ ನೋಡಿ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್.

ಪಿ ಮತ್ತು ಎಸ್ ನಡುವಿನ ಅಂತರ ಹೆಚ್ಚಿದಷ್ಟೂ ಭೂಕಂಪ ದೂರದ್ದು. ಒಂದು ಕೇಂದ್ರದಿಂದ ದೂರ ಮಾತ್ರ ತಿಳಿಯುತ್ತದೆ. ಮೂರು ಕೇಂದ್ರಗಳ ಸುತ್ತ ವೃತ್ತ ಎಳೆದರೆ ಅವು ಕೂಡುವ ಜಾಗವೇ ಕಂಪನದ ನೆಲೆ. ಗೆರೆ ಎಷ್ಟು ಅಗಲಕ್ಕೆ ಓಲಾಡಿದೆ ಎಂಬುದರಿಂದ ಕಂಪನದ ಗಾತ್ರ ಗೊತ್ತಾಗುತ್ತದೆ. ಪಿ ಅಲೆಯ ಮೊದಲ ಸೆಳೆತ ಮೇಲಕ್ಕೋ ಕೆಳಕ್ಕೋ ಎಂಬುದರಿಂದ ಬಿರುಕಿನ ಎರಡು ಬದಿಗಳು ಯಾವ ದಿಕ್ಕಿಗೆ ಜಾರಿದವು ಎಂದು ಊಹಿಸಬಹುದು.

ಹಳೆಯ ದಾಖಲೆ ಎಡವುವ ಕಡೆಗಳು

ಹೇಳಲು ಇಷ್ಟು ಸುಲಭ. ಹಾಳೆ ಮುಂದಿಟ್ಟುಕೊಂಡಾಗ ತೊಡಕುಗಳು ಒಂದೊಂದಾಗಿ ಕಾಣುತ್ತವೆ.

ಮೊದಲನೆಯದು ಗಡಿಯಾರ. ವೀಕ್ಷಣಾಲಯಗಳ ಗಡಿಯಾರಗಳು ಸೆಕೆಂಡುಗಳಷ್ಟು, ಒಮ್ಮೊಮ್ಮೆ ನಿಮಿಷದಷ್ಟೂ ತಪ್ಪುತ್ತಿದ್ದವು. ಪ್ಯಾರಿಸಿನ ಐಫೆಲ್ ಗೋಪುರದಿಂದ ರೇಡಿಯೊ ಕಾಲಸಂಕೇತಗಳು ಹೊರಟದ್ದೇ 1910ರಲ್ಲಿ. ಭಾರತದಲ್ಲಿ ಗೊಂದಲ ಇನ್ನೂ ದೊಡ್ಡದು. ಮದ್ರಾಸ್ ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು, ಕಲ್ಕತ್ತ ಸಮಯ 5 ಗಂಟೆ 53 ನಿಮಿಷ. ದೇಶಕ್ಕೊಂದೇ ಗಡಿಯಾರ ಜಾರಿಗೆ ಬಂದದ್ದು 1906ರ ಜನವರಿ 1ರಂದು, ಕಾಂಗ್ರಾ ಭೂಕಂಪವಾಗಿ ಒಂಬತ್ತು ತಿಂಗಳ ಮೇಲೆ. ಹೀಗಾಗಿ ಅಂದಿನ ವರದಿಯೊಂದು ಇಷ್ಟು ಗಂಟೆಗೆ ನೆಲ ನಡುಗಿತು ಎಂದರೆ ಅದು ಯಾವ ಊರಿನ ಗಂಟೆ ಎಂದು ಮೊದಲು ಕೇಳಿಕೊಳ್ಳಬೇಕು.

ಎರಡನೆಯದು ಉರುಳೆಯ ನಿಧಾನಗತಿ. ಮಿಲ್ನ್ ಯಂತ್ರದ ಕಾಗದ ನಿಮಿಷಕ್ಕೆ ಕೇವಲ 1 ಮಿಲಿಮೀಟರ್ ಸರಿಯುತ್ತಿತ್ತು. ಗೆರೆಯ ದಪ್ಪದಷ್ಟೇ ಇರುವ 0.1 ಮಿಲಿಮೀಟರ್ ತಪ್ಪಿದರೂ 6 ಸೆಕೆಂಡು ತಪ್ಪಿದಂತೆ. ಪಿ ಅಲೆ ಸೆಕೆಂಡಿಗೆ 8 ಕಿಲೋಮೀಟರಿನಷ್ಟು ಓಡುತ್ತದೆ ಎಂದಿಟ್ಟುಕೊಂಡರೆ ನಕ್ಷೆಯ ಮೇಲೆ ಅದು 50 ಕಿಲೋಮೀಟರಿನ ತಪ್ಪು. ಮಂಡ್ಯದ ಕಂಪನವನ್ನು ಮೈಸೂರಿನಲ್ಲಿ ಗುರುತಿಸಿದ ಹಾಗೆ.

ಮೂರನೆಯದು ಸೂಜಿಯ ವರ್ತನೆ. ಸೂಜಿ ಒಂದು ಕೀಲಿನ ಸುತ್ತ ತಿರುಗುವುದರಿಂದ ಅದು ಎಳೆಯುವ ಗೆರೆ ನೇರವಾಗಿರದೆ ಬಿಲ್ಲಿನಂತೆ ಬಾಗುತ್ತದೆ. ಅಗಲವಾದ ಓಲಾಟದಲ್ಲಿ ಗೆರೆ ಹಿಂದಿನ ಕ್ಷಣಕ್ಕೇ ಮರಳಿದಂತೆ ಕಾಣುವುದುಂಟು. ಮಸಿಯ ಉಜ್ಜಾಟದಲ್ಲಿ ಸಣ್ಣ ಕಂಪನಗಳು ದಾಖಲಾಗದೆ ಹೋಗುತ್ತವೆ. ದೊಡ್ಡ ಕಂಪನದಲ್ಲಿ ಸೂಜಿ ಕಾಗದದ ಅಂಚು ದಾಟಿ ಹಾರುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ.

ಕೊನೆಯದು, ಎಲ್ಲಕ್ಕಿಂತ ತಲೆನೋವಿನದು, ಯಂತ್ರದ ಸ್ಥಿರಾಂಕಗಳು. ಲೋಲಕ ತನ್ನಷ್ಟಕ್ಕೆ ತೂಗಿದರೆ ಒಂದು ಸುತ್ತಿಗೆ ಎಷ್ಟು ಸೆಕೆಂಡು, ಸನ್ನೆಗೋಲು ಎಷ್ಟು ಪಟ್ಟು ಹಿಗ್ಗಿಸುತ್ತದೆ, ಓಲಾಟವನ್ನು ತಗ್ಗಿಸುವ ಏರ್ಪಾಡು ಎಷ್ಟು ಬಲದ್ದು, ಹಾಳೆಯ ಮೇಲ್ಬದಿ ಉತ್ತರವೋ ದಕ್ಷಿಣವೋ? ಈ ವಿವರಗಳಿದ್ದರೆ ಗೀರಿನಿಂದ ನೆಲದ ನಿಜವಾದ ಚಲನೆಯನ್ನು ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಹಾಳೆ ಅಳತೆಗೋಲಿಲ್ಲದ ನಕ್ಷೆಯಾಗಿ ಉಳಿಯುತ್ತದೆ.

ಹಿಗ್ಗಿದ ಅಂಕಿಗಳು

ಇಲ್ಲಿ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಒಂದು ಊರಿನಲ್ಲಿ ನೆಲ ಎಷ್ಟು ಜೋರಾಗಿ ಅಲುಗಿತು ಎಂಬುದು ತೀವ್ರತೆ. ಅದು ಊರಿಂದೂರಿಗೆ ಬೇರೆ. ಭೂಕಂಪದ ಒಟ್ಟು ಗಾತ್ರವನ್ನು ಹೇಳುವ ಒಂದೇ ಅಂಕಿ ಪರಿಮಾಣ. ನಮ್ಮ ಪತ್ರಿಕೆಗಳಲ್ಲಿ ರಿಕ್ಟರ್ ಮಾಪಕದ ತೀವ್ರತೆ ಎಂದು ಅಚ್ಚಾಗುವುದು ಈ ಪರಿಮಾಣವೇ. ಪರಿಮಾಣದಲ್ಲಿ ಒಂದು ಅಂಕ ಏರಿದರೆ ದಾಖಲಾದ ಅಲೆಯ ಅಗಲ ಹತ್ತು ಪಟ್ಟು, ಹೊರಬಿದ್ದ ಶಕ್ತಿ ಸುಮಾರು 32 ಪಟ್ಟು ಏರುತ್ತದೆ.

ಚಾರ್ಲ್ಸ್ ರಿಕ್ಟರ್ ಪರಿಮಾಣದ ಲೆಕ್ಕವನ್ನು ಮುಂದಿಟ್ಟದ್ದು 1935ರಲ್ಲಿ. ಅದಕ್ಕೂ ಹಿಂದಿನ ಭೂಕಂಪಗಳಿಗೆ ನಾವು ಓದುವ ಅಂಕಿಗಳೆಲ್ಲ ಆಮೇಲೆ ಲೆಕ್ಕ ಹಾಕಿ ಕೊಟ್ಟವು. ಆ ಕೆಲಸಕ್ಕೆ ಮೊದಲು ಕೈಹಾಕಿದವರು ಕ್ಯಾಲಿಫೋರ್ನಿಯದ ಬೆನೊ ಗುಟೆನ್‌ಬರ್ಗ್ ಮತ್ತು ರಿಕ್ಟರ್. ಇಡೀ ಭೂಮಿಯ ಕಂಪನಗಳನ್ನು ಪಟ್ಟಿಮಾಡಿದ ಅವರ ಗ್ರಂಥ ದಶಕಗಳ ಕಾಲ ಎಲ್ಲರ ಆಧಾರವಾಗಿತ್ತು. ಆ ಪಟ್ಟಿಗಳನ್ನು ನೋಡಿದವರಿಗೆ ಇಪ್ಪತ್ತನೇ ಶತಮಾನದ ಮೊದಲ ಕೆಲವು ವರ್ಷಗಳು ಭಯಂಕರವಾಗಿ ಕಂಡವು. 8ರ ಆಸುಪಾಸಿನ, 8ನ್ನು ಮೀರಿದ ಕಂಪನಗಳು ಆಗ ಸಾಲುಸಾಲು. ಭೂಮಿ ಆಮೇಲೆ ಶಾಂತವಾಯಿತೇ ಎಂಬ ಪ್ರಶ್ನೆಯೂ ಎದ್ದಿತು.

1983ರಲ್ಲಿ ಜಪಾನಿನ ಕಟ್ಸುಯುಕಿ ಆಬೆ ಮತ್ತು ನೊಗುಚಿ 1897ರಿಂದ 1912ರವರೆಗಿನ ದೊಡ್ಡ ಕಂಪನಗಳ ಅಳತೆಗಳನ್ನು ಮತ್ತೆ ಪರೀಕ್ಷಿಸಿದರು. ದೋಷ ಇದ್ದದ್ದು ಭೂಮಿಯಲ್ಲಲ್ಲ, ಮಿಲ್ನ್ ಯಂತ್ರದ ಓದಿನಲ್ಲಿ. ಆ ಯಂತ್ರಕ್ಕೆ ಓಲಾಟ ತಗ್ಗಿಸುವ ಏರ್ಪಾಡೇ ಇರಲಿಲ್ಲ. ಉಯ್ಯಾಲೆಯನ್ನು ಅದರ ತೂಗುವ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಮೇಲೆಮೇಲೆ ಏರುತ್ತದಲ್ಲ? ಮಿಲ್ನ್ ಲೋಲಕದ ಸಹಜ ಲಯ ಹದಿನೈದು ಸೆಕೆಂಡಿನ ಮೇಲ್ಪಟ್ಟು. ದೂರದ ಭೂಕಂಪದ ಮೇಲ್ಮೈ ಅಲೆಗಳ ಲಯ ಇಪ್ಪತ್ತು ಸೆಕೆಂಡಿನ ಆಸುಪಾಸು. ಎರಡೂ ಹತ್ತಿರವಿದ್ದದ್ದರಿಂದ ಗೀರು ಸನ್ನೆಗೋಲಿನ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹಿಗ್ಗುತ್ತಿತ್ತು. ಹಿಂದಿನವರು ಆ ಹಿಗ್ಗುವಿಕೆಯನ್ನು ಕಡಿಮೆ ಅಂದಾಜಿಸಿ ಅಗಲವಾದ ಗೀರಿಗೆಲ್ಲ ಅಗಲವಾದ ನೆಲದ ಚಲನೆಯೇ ಕಾರಣ ಎಂದುಕೊಂಡಿದ್ದರು. ತಿದ್ದಿದ ಮೇಲೆ ಹಲವು ಕಂಪನಗಳ ಪರಿಮಾಣ ಅರ್ಧ ಅಂಕದಷ್ಟು ಇಳಿಯಿತು. ಅರ್ಧ ಅಂಕವೆಂದರೆ ಶಕ್ತಿಯಲ್ಲಿ ಐದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಶತಮಾನದ ಆರಂಭದ ಆ ಭೀಕರ ಸಾಲು ಬಹುಮಟ್ಟಿಗೆ ಕರಗಿಹೋಯಿತು.

ಮರುಓದಿನ ಹಂತಗಳು

ಹಳೆಯ ಭೂಕಂಪವನ್ನು ಮತ್ತೆ ಪರಿಶೀಲಿಸಲು ಎರಡು ದಾರಿಗಳಿವೆ. ಕೇಂದ್ರಗಳು ಅಂದು ಅಚ್ಚುಹಾಕಿಸಿದ ಅಂಕಿಗಳನ್ನು ಹೊಸ ಲೆಕ್ಕಕ್ಕೆ ಒಡ್ಡುವುದು ಒಂದು. ಗೀರನ್ನೇ ಮತ್ತೆ ಓದುವುದು ಇನ್ನೊಂದು.

ಮೊದಲ ದಾರಿಗೆ ಬೇಕಾದ ಸಾಮಗ್ರಿ ಹಳೆಯ ಸುತ್ತೋಲೆಗಳಲ್ಲಿದೆ. ಮಿಲ್ನ್ 1913ರಲ್ಲಿ ತೀರಿಕೊಂಡ ಮೇಲೆ ಆಕ್ಸ್‌ಫರ್ಡ್‌ನ ಹರ್ಬರ್ಟ್ ಹಾಲ್ ಟರ್ನರ್ ಆ ಕೆಲಸವನ್ನು ಮುಂದುವರಿಸಿದರು. 1918ರಿಂದಾಚೆಯ ಭೂಕಂಪಗಳಿಗೆ ಅಂತರರಾಷ್ಟ್ರೀಯ ಸಾರಸಂಗ್ರಹವೇ ಇದೆ. ಕಾಗದದಲ್ಲಿದ್ದ ಈ ಅಂಕಿಗಳನ್ನು ಗಣಕಕ್ಕೆ ಊಡಿಸಿ, ಭೂಮಿಯ ಒಳರಚನೆಯ ಇಂದಿನ ಮಾದರಿಯಿಂದ ಪ್ರತಿ ಕಂಪನದ ನೆಲೆ, ಪರಿಮಾಣಗಳನ್ನು ಒಂದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದ ಫಲವೇ 2013ರಲ್ಲಿ ಹೊರಬಂದ ಐಎಸ್‌ಸಿ–ಜಿಇಎಂ ಪಟ್ಟಿ. ಬ್ರಿಟನ್ನಿನ ಅಂತರರಾಷ್ಟ್ರೀಯ ಭೂಕಂಪ ಕೇಂದ್ರದ ಮುಂದಾಳುತನದಲ್ಲಿ ತಯಾರಾದ ಇದರ ಮೊದಲ ಆವೃತ್ತಿ 1900ರಿಂದ 2009ರವರೆಗಿನ ಸುಮಾರು 19 ಸಾವಿರ ಕಂಪನಗಳನ್ನು ಒಳಗೊಂಡಿತ್ತು. ಹಳೆಯ ದಾಖಲೆಗಳ ಮಿತಿಯನ್ನು ಪಟ್ಟಿಯೇ ಒಪ್ಪಿಕೊಳ್ಳುತ್ತದೆ. 1960ರ ನಂತರದ ಕಂಪನಗಳಲ್ಲಿ 5.5 ಪರಿಮಾಣದವರೆಗೂ ಇಳಿಯಲು ಸಾಧ್ಯವಾದ ಆ ಆವೃತ್ತಿ, 1918ಕ್ಕೆ ಮೊದಲಿನ ಕಾಲಕ್ಕೆ ಮುಖ್ಯವಾಗಿ 7.5 ಮೀರಿದವುಗಳಿಗೇ ನಿಲ್ಲಬೇಕಾಯಿತು.

ಎರಡನೆಯ ದಾರಿ ಹೆಚ್ಚು ತಾಳ್ಮೆ ಬೇಡುತ್ತದೆ. ಅದರ ಹಂತಗಳು ಸ್ಥೂಲವಾಗಿ ಹೀಗಿವೆ:

1. ಮೂಲ ಹಾಳೆಯನ್ನು ಹುಡುಕಿ, ಮಸಿ ಉದುರದಂತೆ ಶುಚಿಮಾಡಿ, ಸೂಕ್ಷ್ಮವಾಗಿ ಸ್ಕ್ಯಾನ್ ಮಾಡುವುದು.
2. ಒಂದರ ಮೇಲೊಂದು ಹಾಯ್ದ ಗೆರೆಗಳನ್ನು ಬಿಡಿಸಿ ಬಿಂದುಬಿಂದುವಾಗಿ ಅಂಕಿಗಳಿಗೆ ಇಳಿಸುವುದು. ಹಾರ್ವರ್ಡ್‌ನ ಡಿಜಿಟ್‌ಸೈಸ್‌ನಂಥ ತಂತ್ರಾಂಶಗಳು ಇದಕ್ಕೆಂದೇ ಹುಟ್ಟಿದವು.
3. ಸೂಜಿಯ ಬಾಗು, ಕಾಗದದ ಕುಗ್ಗುವಿಕೆ, ಗಡಿಯಾರದ ತಪ್ಪುಗಳನ್ನು ಕಳೆಯುವುದು.
4. ಯಂತ್ರದ ಸ್ಥಿರಾಂಕಗಳನ್ನು ಬಳಸಿ ಗೀರಿನಿಂದ ನೆಲದ ಚಲನೆಗೆ ಹಿಂದಿರುಗುವುದು.
5. ಇಂಥ ಬಿರುಕು, ಇಷ್ಟು ಉದ್ದ, ಇಷ್ಟು ಜಾರಿದರೆ ಆ ಯಂತ್ರ ಎಂಥ ಗೀರು ಎಳೆಯುತ್ತಿತ್ತು ಎಂದು ಗಣಕದಲ್ಲಿ ಕೃತಕ ಗೀರು ತಯಾರಿಸಿ, ಹಳೆಯದರ ಮೇಲಿಟ್ಟು ಹೊಂದಿಸುವುದು.

ಕೊನೆಯ ಹಂತದಲ್ಲಿ ಸಿಗುವುದು ಬರೀ ಪರಿಮಾಣವಲ್ಲ, ಭೂಕಂಪ ನಡೆದ ಬಗೆ. 1905ರ ಜುಲೈನಲ್ಲಿ ಮಂಗೋಲಿಯ ಎರಡೇ ವಾರದ ಅಂತರದಲ್ಲಿ ಎರಡು ಮಹಾಕಂಪನಗಳನ್ನು ಕಂಡಿತು. ಜರ್ಮನಿಯ ವೀಕರ್ಟ್ ಯಂತ್ರಗಳ ದಾಖಲೆಗಳನ್ನು ಅಂಕಿಗೆ ಇಳಿಸಿದ ಸಂಶೋಧಕರು, ಎರಡನೆಯದರಲ್ಲಿ ಸುಮಾರು 375 ಕಿಲೋಮೀಟರ್ ಉದ್ದದ ಬಿರುಕು ಹೇಗೆ ಹಂತಹಂತವಾಗಿ ಸೀಳುತ್ತ ಹೋಯಿತು ಎಂಬುದನ್ನು ನೂರು ವರ್ಷಗಳ ಮೇಲೆ ಕಂಡುಕೊಂಡರು.

ಕಾಂಗ್ರಾ: ಎರಡು ಕಲೆಗಳ ಒಗಟು

ಈಗ ಮತ್ತೆ ಕಾಂಗ್ರಾಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಚಾರ್ಲ್ಸ್ ಮಿಡಲ್‌ಮಿಸ್ ಊರೂರಿನ ವರದಿ ಕಲೆಹಾಕಿ 1910ರಲ್ಲಿ ವಿಸ್ತಾರವಾದ ಗ್ರಂಥ ಪ್ರಕಟಿಸಿದರು. ಅವರ ನಕ್ಷೆಯಲ್ಲಿ ಹೆಚ್ಚು ಹಾನಿಯಾದ ಎರಡು ಪ್ರದೇಶಗಳಿದ್ದವು. ಕಾಂಗ್ರಾ–ಕುಲು ಸೀಮೆಯ ದೊಡ್ಡ ಕಲೆ ಒಂದು. ಅಲ್ಲಿಂದ ಆಗ್ನೇಯಕ್ಕೆ 250 ಕಿಲೋಮೀಟರಿನಷ್ಟು ದೂರದ ಡೆಹ್ರಾಡೂನ್–ಮಸ್ಸೂರಿಯ ಚಿಕ್ಕ ಕಲೆ ಇನ್ನೊಂದು. ನಡುವಿನ ಊರುಗಳಿಗೆ ಅಷ್ಟು ಪೆಟ್ಟು ಬಿದ್ದಿರಲಿಲ್ಲ.

ಮುಂದಿನವರು ಎರಡು ಕಲೆಗಳನ್ನೂ ಒಂದೇ ಬಿರುಕಿನ ಎರಡು ತುದಿಗಳೆಂದು ಓದಿದರು. ಡೆಹ್ರಾಡೂನಿನಲ್ಲೇ ಕಚೇರಿಯಿದ್ದ ಭಾರತೀಯ ಸರ್ವೇಕ್ಷಣಾ ಇಲಾಖೆ ಕಂಪನಕ್ಕೆ ಮೊದಲೂ ಆಮೇಲೂ ನೆಲದ ಮಟ್ಟ ಅಳೆದಿತ್ತು. ಊರು ತುಸು ಮೇಲೆದ್ದಿದೆ ಎಂದು ಆ ಅಳತೆ ಹೇಳಿದ್ದರಿಂದ ಬಿರುಕು ಅಲ್ಲಿಯವರೆಗೂ ಹಬ್ಬಿತ್ತು ಎಂಬ ನಂಬಿಕೆ ಗಟ್ಟಿಯಾಯಿತು. ಅಷ್ಟುದ್ದದ ಬಿರುಕಿಗೆ ತಕ್ಕಂತೆ ಪರಿಮಾಣವೂ 8 ಎಂದು ಪುಸ್ತಕ ಸೇರಿತು.

2000ದಲ್ಲಿ ನಿಕೊಲಾಸ್ ಆಂಬ್ರಸೀಸ್ ಮತ್ತು ರೋಜರ್ ಬಿಲ್ಹಾಮ್ ಹಳೆಯ ಕೇಂದ್ರಗಳ ಅಳತೆಗಳಿಂದ ಹೊಸದಾಗಿ ಲೆಕ್ಕ ಹಾಕಿದಾಗ ಬಂದ ಪರಿಮಾಣ 7.8. ಅಂಥ ಕಂಪನಕ್ಕೆ ನೂರು ಕಿಲೋಮೀಟರಿನ ಆಸುಪಾಸಿನ ಬಿರುಕು ಸಾಕು, ಡೆಹ್ರಾಡೂನ್ ಮುಟ್ಟಬೇಕಿಲ್ಲ. ಸರ್ವೇಕ್ಷಣಾ ಇಲಾಖೆಯ ಮಟ್ಟದ ಅಳತೆಗಳನ್ನು ಬಿಲ್ಹಾಮ್ ಮತ್ತೆ ಕೆದಕಿದಾಗ ಡೆಹ್ರಾಡೂನಿನ ಏರಿಕೆ ಅಳತೆಯ ದೋಷದಿಂದ ಮೂಡಿದ್ದು ಎಂಬ ತೀರ್ಮಾನಕ್ಕೆ ಬಂದರು.

ಹಾಗಾದರೆ ಎರಡನೆಯ ಕಲೆ ಎಲ್ಲಿಂದ ಬಂತು? ಮಣ್ಣಿನ ಗುಣದಿಂದಲೋ, ಆಳದಲ್ಲಿ ಪ್ರತಿಫಲಿಸಿದ ಅಲೆಗಳಿಂದಲೋ ಹಾನಿ ಹೆಚ್ಚಿರಬಹುದೇ ಎಂದು ಸೂಸನ್ ಹಫ್ ಮತ್ತು ಸಂಗಡಿಗರು ಪರಿಶೀಲಿಸಿದರು. ಎರಡೂ ಸಾಲದೆ ಹೋದವು. ಮೊದಲ ಕಂಪನದಿಂದ ಪ್ರಚೋದನೆಗೊಂಡು ಕೆಲವೇ ನಿಮಿಷಗಳಲ್ಲಿ ಡೆಹ್ರಾಡೂನ್ ಸಮೀಪ, 30ರಿಂದ 50 ಕಿಲೋಮೀಟರ್ ಆಳದಲ್ಲಿ, ಪ್ರತ್ಯೇಕವಾದ ಇನ್ನೊಂದು ಭೂಕಂಪವೇ ಆಗಿರಬೇಕು ಎಂದು ಅವರು 2005ರಲ್ಲಿ ಪ್ರತಿಪಾದಿಸಿದರು. ಒಂದೇ ಎಂದು ನೂರು ವರ್ಷ ನಂಬಿದ್ದ ಕಂಪನ ಎರಡಾಗಿ ಒಡೆಯಿತು.

ಇದು ಹಳೆಯ ಲೆಕ್ಕದ ಒಣ ಜಗಳವಲ್ಲ. ಭಾರತದ ನೆಲ ಹಿಮಾಲಯದಡಿಗೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ನುಗ್ಗುತ್ತಲೇ ಇದೆ. ಬಿರುಕು ಸೀಳಿದ ಕಡೆ ಒತ್ತಡ ಇಳಿಯುತ್ತದೆ, ಸೀಳದ ಕಡೆ ಕೂಡುತ್ತ ಹೋಗುತ್ತದೆ. ಡೆಹ್ರಾಡೂನಿನ ಭಾಗ 1905ರಲ್ಲಿ ಸೀಳಿದ್ದರೆ ಅಲ್ಲಿನ ಜನ ಒಂದಿಷ್ಟು ನಿರಾಳವಾಗಿರಬಹುದಿತ್ತು. ಸೀಳಿಲ್ಲ ಎಂದಾದರೆ ಆ ಊರೂ ಅದರಾಚೆಯ ಗಢವಾಲ, ಕುಮಾವೂಂಗಳೂ ಶತಮಾನಗಳ ಒತ್ತಡವನ್ನು ಹೊತ್ತು ಕೂತಿವೆ ಎಂದೇ ಅರ್ಥ.

ಬಿಹಾರ–ನೇಪಾಳ: ಹಾನಿ ಒಂದೆಡೆ, ಮೂಲ ಇನ್ನೊಂದೆಡೆ

1934ರ ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರ ಮತ್ತು ನೇಪಾಳಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್ ಪಟ್ಟಣ ಹಾಳಾಯಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದು ಗಾಂಧೀಜಿ ಹೇಳಿದ್ದು, ಪ್ರಕೃತಿಯ ಘಟನೆಗೆ ಹಾಗೆ ಅರ್ಥ ಹಚ್ಚುವುದನ್ನು ರವೀಂದ್ರನಾಥ ಟಾಗೋರ್ ಬಹಿರಂಗವಾಗಿ ಆಕ್ಷೇಪಿಸಿದ್ದು ಪ್ರಸಿದ್ಧ. ಆ ವಾದ ನಡೆದಾಗ ಭೂಕಂಪ ನಿಜಕ್ಕೂ ಎಲ್ಲಿ ಆಯಿತು ಎಂಬುದೇ ಯಾರಿಗೂ ತಿಳಿದಿರಲಿಲ್ಲ.

ಬಿಹಾರದ ಬಯಲಿನಲ್ಲಿ ಸುಮಾರು 300 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ನೆಲ ಕೆಸರಾಗಿ ಬಾಯ್ಬಿಟ್ಟಿತ್ತು. ಮರಳು, ನೀರು ಚಿಮ್ಮಿ ಹೊಲ ಮುಚ್ಚಿದವು, ಮನೆಗಳು ಓರೆಯಾಗಿ ಹೂತವು. ಇಷ್ಟು ಹಾನಿ ಕಂಡವರು ಕಂಪನದ ಮೂಲ ಅದರ ಕೆಳಗೇ ಇದೆ ಎಂದುಕೊಂಡದ್ದು ಸಹಜ. 1977ರಲ್ಲಿ ವಾಂಗ್-ಪಿಂಗ್ ಚೆನ್ ಮತ್ತು ಪೀಟರ್ ಮೋಲ್ನರ್ ಹಳೆಯ ಕೇಂದ್ರಗಳಿಗೆ ಅಲೆ ತಲುಪಿದ ಹೊತ್ತುಗಳಿಂದ ನೆಲೆಯನ್ನು ಮತ್ತೆ ಲೆಕ್ಕ ಹಾಕಿದಾಗ ಅದು ಬಿಹಾರ ಬಿಟ್ಟು ಪೂರ್ವ ನೇಪಾಳದ ಪರ್ವತಗಳಿಗೆ, ಎವರೆಸ್ಟ್ ಸಮೀಪಕ್ಕೆ ಸರಿಯಿತು. ಬಿಹಾರದಲ್ಲಿ ಕಂಡದ್ದು ನೀರು ತುಂಬಿದ ಸಡಿಲ ಮೆಕ್ಕಲು ಮಣ್ಣು ಅಲುಗಾಟಕ್ಕೆ ದ್ರವದಂತೆ ವರ್ತಿಸಿದ ಪರಿಣಾಮ. 2013ರಲ್ಲಿ ಸೋಮನಾಥ್ ಸಾಪ್ಕೋಟಾ ಮತ್ತು ಸಂಗಡಿಗರು ಪೂರ್ವ ನೇಪಾಳದ ಬೆಟ್ಟದಡಿಯಲ್ಲಿ ಕಂದಕ ತೋಡಿ, 1934ರಲ್ಲಿ ನೆಲದ ಮೇಲಕ್ಕೂ ಸೀಳಿಬಂದ ಬಿರುಕಿನ ಕುರುಹುಗಳನ್ನೇ ತೋರಿಸಿದರು. ಹಾಳೆಗಳಿಂದ ಹಾಕಿದ ಲೆಕ್ಕಕ್ಕೆ ಮಣ್ಣು ಸಾಕ್ಷಿ ನುಡಿಯಿತು.

1905 ಮತ್ತು 1934ರ ಬಿರುಕುಗಳ ಜಾಗ ಹೀಗೆ ಖಚಿತವಾದಂತೆ ಅವೆರಡರ ನಡುವಿನ ಖಾಲಿ ಪಟ್ಟಿ ನಕ್ಷೆಯಲ್ಲಿ ಎದ್ದು ಕಂಡಿತು. 2015ರ ಏಪ್ರಿಲ್ 25ರ ನೇಪಾಳ ಕಂಪನ ಅದರ ಪೂರ್ವ ಭಾಗದ ಒಂದಿಷ್ಟನ್ನು ಮಾತ್ರ ಸಡಿಲಿಸಿತು. ಉಳಿದ ಐನೂರಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ಯಂತ್ರಗಳ ಕಾಲ ಶುರುವಾದ ಮೇಲೆ 8ನ್ನು ಮುಟ್ಟಿದ ಕಂಪನ ದಾಖಲಾಗಿಲ್ಲ.

ಸಾನ್ ಫ್ರಾನ್ಸಿಸ್ಕೊ ಮತ್ತು ಭೂಮಿಯ ಒಡಲು

1906ರ ಏಪ್ರಿಲ್ 18ರ ಸಾನ್ ಫ್ರಾನ್ಸಿಸ್ಕೊ ಭೂಕಂಪದ ತನಿಖಾ ಆಯೋಗ ದೂರದೃಷ್ಟಿಯ ಒಂದು ಕೆಲಸ ಮಾಡಿತು. ಜಗತ್ತಿನ ಕೇಂದ್ರಗಳಿಂದ ಕಂಪನಲೇಖಗಳನ್ನು ತರಿಸಿ, ಯಂತ್ರಗಳ ವಿವರದೊಂದಿಗೆ ಅವುಗಳ ಪ್ರತಿಗಳನ್ನು ಚಿತ್ರಸಂಪುಟವಾಗಿ ಅಚ್ಚುಹಾಕಿಸಿತು. ಆಯೋಗದ ಹ್ಯಾರಿ ಫೀಲ್ಡಿಂಗ್ ರೀಡ್ ನೆಲ ಹೆಚ್ಚು ಜಾರಿದ್ದ, ನಗರದ ಉತ್ತರದ ಓಲೆಮಾ ಬಳಿಯಲ್ಲೇ ಕಂಪನ ಹುಟ್ಟಿತೆಂದು ಭಾವಿಸಿದ್ದರು. ಅದೇ ಸಾಮಗ್ರಿಯನ್ನು ಮರಳಿ ಓದಿದ ಬ್ರೂಸ್ ಬೋಲ್ಟ್ 1968ರಲ್ಲಿ ನೆಲೆಯನ್ನು ದಕ್ಷಿಣಕ್ಕೆ, ನಗರದ ಸಮೀಪಕ್ಕೆ ತಂದರು. ಆಮೇಲಿನ ಲೆಕ್ಕಗಳು ಅದನ್ನು ನಗರದ ಪಕ್ಕದ ಕಡಲಿನಲ್ಲಿ ಗುರುತಿಸುತ್ತವೆ. ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕೊಟ್ಟಿದ್ದ 8.25ರ ಪರಿಮಾಣ 7.7ರಿಂದ 7.9ರ ನಡುವೆ ಇಳಿದಿದೆ. ಮೂಲ ಹಾಳೆಗಳನ್ನು ಅರಸಿ ದೇಶದೇಶ ಅಲೆಯುವ ಗೋಜಿಲ್ಲದೆ ಇದೆಲ್ಲ ಸಾಧ್ಯವಾದದ್ದು ಆ ಸಂಪುಟದಿಂದ.

ಮರುಓದಿನ ಅತಿ ದೊಡ್ಡ ಫಲ ದೊರೆತದ್ದು ಡೆನ್ಮಾರ್ಕಿನಲ್ಲಿ. 1929ರ ಜೂನ್ 17ರಂದು ನ್ಯೂಜಿಲೆಂಡಿನಲ್ಲಾದ ಭೂಕಂಪದ ದಾಖಲೆಗಳಲ್ಲಿ, ಅಂದಿನ ತಿಳಿವಳಿಕೆಯಂತೆ ಅಲೆಯೇ ಬರಬಾರದ ದೂರದ ಕೇಂದ್ರಗಳಲ್ಲಿ ಕ್ಷೀಣವಾದ ಗೀರುಗಳು ಕಂಡಿದ್ದವು. ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್ ಅಲೆಗಳ ಹೊತ್ತುಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಓಟ್ಸ್ ಡಬ್ಬಿಗಳಲ್ಲಿ ವಿಂಗಡಿಸಿಟ್ಟುಕೊಂಡು ಒಂದೊಂದನ್ನೂ ತೂಗಿನೋಡಿದರು. ಭೂಮಿಯ ಕರಗಿದ ತಿರುಳಿನೊಳಗೆ ಇನ್ನೊಂದು ಒಳತಿರುಳಿದೆ ಎಂದು 1936ರಲ್ಲಿ ತೋರಿಸಿಕೊಟ್ಟರು. ಇತರರು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಗೀರುಗಳಲ್ಲೇ ಅದು ಅಡಗಿತ್ತು.

ದಕ್ಷಿಣದ ಕಡೆ ನೋಡಿದರೆ

ದಖ್ಖನ್ನಿನ ಗಟ್ಟಿ ಬಂಡೆ ನಡುಗುವುದೇ ಇಲ್ಲ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿತ್ತು. 1900ರ ಫೆಬ್ರವರಿ 8ರಂದು ಕೊಯಮತ್ತೂರು ಸೀಮೆಯಲ್ಲಿ 6ರ ಆಸುಪಾಸಿನ ಪರಿಮಾಣದ ಭೂಕಂಪವಾಗಿ ದಕ್ಷಿಣ ಭಾರತದ ಬಹುಭಾಗ ಅಲುಗಿತ್ತು. ಇಂಥ ಮಧ್ಯಮ ಕಂಪನಗಳ ವಿಷಯದಲ್ಲಿ ಅಂದಿನ ಯಂತ್ರಗಳ ನೆರವು ತೀರ ಕಡಿಮೆ. ಕೇಂದ್ರಗಳು ವಿರಳ, ಹಿಗ್ಗಿಸುವ ಶಕ್ತಿಯೂ ಸಾಲದು. ಆಗ ಪತ್ರಿಕೆಗಳ ಸುದ್ದಿ, ಸರ್ಕಾರಿ ಕಾಗದಪತ್ರ, ಜನರ ಅನುಭವಗಳೇ ಆಧಾರ. ಪಾತ್ರೆ ಉರುಳಿತೇ, ಗೋಡೆ ಬಿರುಕುಬಿಟ್ಟಿತೇ, ಮಲಗಿದವರಿಗೆ ಎಚ್ಚರವಾಯಿತೇ ಎಂಬ ವಿವರಗಳಿಂದ ಊರೂರಿನ ತೀವ್ರತೆ ಅಂದಾಜಿಸಿ ಕಂಪನದ ನೆಲೆಯನ್ನು ಹುಡುಕುತ್ತಾರೆ.

ಕರ್ನಾಟಕ ಈ ಕಥೆಗೆ ಸೇರುವುದು 1960ರ ದಶಕದ ಮಧ್ಯದಲ್ಲಿ. ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಗೌರಿಬಿದನೂರಿನ ಬಳಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ 20 ಮಾಪಕಗಳ ಸಾಲು ನೆಲೆಗೊಂಡಿತು. ದೂರದೇಶಗಳ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸುವುದು ಅದರ ಮುಖ್ಯ ಉದ್ದೇಶ. ಅಲ್ಲಿ ಕಾಗದದ ಜಾಗಕ್ಕೆ ಕಾಂತೀಯ ಸುರುಳಿ ಬಂತು. ಅಂಥ ಸುರುಳಿಗಳೂ ಇಂದು ಹಳೆಯ ದಾಖಲೆಗಳ ಸಾಲಿಗೆ ಸೇರಿವೆ. ಅವನ್ನು ಓದುವ ಯಂತ್ರಗಳೇ ಅಪರೂಪವಾಗುತ್ತಿವೆ.

ಉಳಿಸಿಕೊಳ್ಳುವ ಕೆಲಸ

ಮಸಿಯ ಹಾಳೆಗೆ ತೇವ, ಗೆದ್ದಲು, ಬೆಂಕಿ ಮೂರೂ ಶತ್ರುಗಳು. ಅದಕ್ಕಿಂತ ದೊಡ್ಡ ಅಪಾಯ ಜಾಗದ ಅಭಾವ. ಕೇಂದ್ರ ಮುಚ್ಚಿದಾಗ, ಕಟ್ಟಡ ಬದಲಾದಾಗ, ಉಪಯೋಗವಿಲ್ಲದ್ದೆಂದು ಕಂಡ ಕಟ್ಟುಗಳು ರದ್ದಿಗೆ ಹೋಗುತ್ತವೆ. ಇದನ್ನು ತಡೆಯಲು ಇಟಲಿಯ ರಾಷ್ಟ್ರೀಯ ಭೂಭೌತ ಸಂಸ್ಥೆ ರೋಮ್‌ನಲ್ಲಿ ಸಿಸ್ಮೋಸ್ ಎಂಬ ಯೋಜನೆ ನಡೆಸಿ ತನ್ನ ದೇಶದ್ದಷ್ಟೇ ಅಲ್ಲದೆ ಯುರೋಪಿನ ಇತರ ಕೇಂದ್ರಗಳ ಹಾಳೆಗಳನ್ನೂ ಸ್ಕ್ಯಾನ್ ಮಾಡಿದೆ. ಹಾರ್ವರ್ಡ್ ತನ್ನ ವೀಕ್ಷಣಾಲಯದ ಹಳೆಯ ಸಂಗ್ರಹವನ್ನು ಅಂಕಿಗೆ ಇಳಿಸುತ್ತಿದೆ. ಹಾಳೆಯ ಜೊತೆಗೆ ಅಂದಿನ ದಿನಚರಿ ಪುಸ್ತಕವನ್ನೂ ಕಾಪಾಡಬೇಕು. ಗಡಿಯಾರ ಎಷ್ಟು ತಪ್ಪಿತ್ತು, ಸೂಜಿ ಯಾವತ್ತು ಬದಲಾಯಿತು, ಲೋಲಕದ ಲಯ ಎಷ್ಟಿತ್ತು ಎಂದು ಹೇಳುವುದು ಆ ಪುಸ್ತಕವೇ.

ಯಂತ್ರವನ್ನೂ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಅದರ ಪಕ್ಕದಲ್ಲೇ ಇಂದಿನ ಮಾಪಕವನ್ನಿಟ್ಟು ಒಂದೇ ಭೂಕಂಪವನ್ನು ಎರಡರಲ್ಲೂ ಹಿಡಿದರೆ, ಹಳೆಯ ಗೀರಿನ ಎಷ್ಟು ಭಾಗ ನೆಲದ್ದು, ಎಷ್ಟು ಭಾಗ ಯಂತ್ರದ್ದು ಎಂದು ನೇರವಾಗಿ ತಿಳಿಯುತ್ತದೆ. ಗಾಟಿಂಗೆನ್ ಊರಿನ ಪಕ್ಕದ ಹೈನ್‌ಬರ್ಗ್ ಗುಡ್ಡದ ಮೇಲೆ ವೀಕರ್ಟ್ ಕಟ್ಟಿದ ಭೂಕಂಪ ವೀಕ್ಷಣಾಲಯವನ್ನು ಆಸಕ್ತರ ಸಂಘವೊಂದು ನೋಡಿಕೊಳ್ಳುತ್ತಿದೆ. 1906ರ ಸಾನ್ ಫ್ರಾನ್ಸಿಸ್ಕೊ ಕಂಪನವನ್ನು ಬರೆದಿಟ್ಟ ಆ ಲೋಲಕಗಳು ಅಲ್ಲಿ ಇಂದಿಗೂ ಕಾಡಿಗೆ ಹಿಡಿದ ಕಾಗದದ ಮೇಲೆ ಗೆರೆ ಎಳೆಯುತ್ತಿವೆ.